ಎಡಗಾಲಿಯ ಮೂರು ಬೋಲ್ಟು

ಬಿಳಿಚೋಡಿನಲ್ಲಿ ಗಾಲಿ ಅಂದರೆ ಮೌಲಾಸಾಬ್. ಕಾದು ಕೆಂಪಾದ ಕಬ್ಬಿಣದ ಪಟ್ಟಿಯನ್ನು ಅವನು ಮರದ ಗಾಲಿಗೆ ತೊಡಿಸಿ ನೀರು ಹೊಯ್ದನೆಂದರೆ, ಬಂಡಿ ಮುರಿದರೂ ಪಟ್ಟಿ ಕಳಚುತ್ತಿರಲಿಲ್ಲ. ಜಗಳೂರಿನಿಂದಲೂ ಜನ ಬಂಡಿ ಹೊಡೆದುಕೊಂಡು ಅವನ ಹಿತ್ತಲಿಗೆ ಬರುತ್ತಿದ್ದರು. ಅದು ಅವನ ತಲೆಗೂ ಸ್ವಲ್ಪ ಏರಿತ್ತು ಅನ್ನಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನ ಹೆಂಡತಿ ಗುಲ್ಜಾರ್‌ಬೀ ಒಪ್ಪಿಕೊಂಡಾಳು, ಗಾಲಿಯಲ್ಲಿ ತಪ್ಪಾಯಿತೆಂದು ಮೌಲಾಸಾಬ್ ಒಪ್ಪಿಕೊಂಡವನಲ್ಲ.

ಯುದ್ಧ ಮುಗಿದ ಮರುವರ್ಷ, ನಲವತ್ತಾರರಲ್ಲಿ, ಅವನ ಬಾಲ್ಯದ ಗೆಳೆಯ ಚಿತ್ತಪ್ಪ ಬರ್ಮಾ ಗಡಿಯಿಂದ ಊರಿಗೆ ಮರಳಿದ. ಮಿಲಿಟರಿಯಲ್ಲಿ ನಾಲ್ಕು ವರ್ಷ ಲಾರಿ ಓಡಿಸಿದವನು. ಬೆಂಗಳೂರಿನಲ್ಲಿ ಹರಾಜಿಗಿಟ್ಟಿದ್ದ ಒಂದು ಹಳೆಯ ಮಿಲಿಟರಿ ಲಾರಿಯನ್ನು ಕೊಂಡು, ಮುಕ್ಕಾಲು ದಾರಿ ಓಡಿಸಿ, ಉಳಿದದ್ದನ್ನು ಎತ್ತುಗಳಿಂದ ಎಳೆಸಿ, ಮೌಲಾಸಾಬನ ಹಿತ್ತಲಿಗೆ ತಂದು ನಿಲ್ಲಿಸಿದ. ಅದಕ್ಕೆ ಬಾಗಿಲಿರಲಿಲ್ಲ, ಮೇಲಿನ ಕ್ಯಾನ್ವಾಸು ಚಿಂದಿಯಾಗಿತ್ತು, ಸೀಟಿನೊಳಗೆ ಇಲಿ ಮರಿ ಹಾಕಿತ್ತು.

"ಮೌಲಣ್ಣ, ಇಂಜಿನ್ ನನಗಿರಲಿ, ಮೈ ನಿನಗೆ ಬಿಟ್ಟೆ. ಸಂತೆಗೆ ಜನ, ಶೇಂಗಾ ಎರಡೂ ಹೊರಂಗೆ ಮಾಡಿಕೊಡು" ಅಂದ.

ಮೂರು ತಿಂಗಳು ಇಬ್ಬರಿಗೂ ಅದೇ ಧ್ಯಾನ. ಮೌಲಾಸಾಬ್ ಮತ್ತಿ ಮರದ ಹಲಗೆ ಕೊಯ್ಸಿ ಹಿಂದೆ ತೊಟ್ಟಿ ಕಟ್ಟಿದ, ಬಾಗಿಲು ಕೂರಿಸಿದ, ಎರಡು ಬದಿಗೂ ಮಡಚುವ ಬೆಂಚು ಹಾಕಿದ. ಚಿತ್ತಪ್ಪನ ಹೆಂಡತಿ ಗಾದ್ರಮ್ಮ ದಿನವೂ ರೊಟ್ಟಿ ಗಂಟು ಹೊತ್ತು ತರುತ್ತಿದ್ದಳು. ಜೋಳದ ರೊಟ್ಟಿ ತಟ್ಟುವುದರಲ್ಲಿ ಆ ಕೇರಿಯಲ್ಲಿ ಅವಳದೇ ಮೊದಲ ಕೈ. ಹಸಿರು ಬಣ್ಣ ಹಾಗೇ ಬಿಟ್ಟರೆ ಗಂಡನನ್ನು ಮತ್ತೆ ಯುದ್ಧಕ್ಕೆ ಕರೆಯುತ್ತಾರೆಂದು ಹಟ ಹಿಡಿದು ಲಾರಿಗೆ ನೀಲಿ ಬಳಿಸಿದವಳೂ ಅವಳೇ.

ಕೊನೆಗೆ ಗಾಲಿ ಬಿಚ್ಚಿ ಗ್ರೀಸು ತುಂಬುವುದೊಂದು ಉಳಿಯಿತು. ಚಿತ್ತಪ್ಪ ಪರ್ಮಿಟ್ಟಿಗೆಂದು ಚಿತ್ರದುರ್ಗಕ್ಕೆ ಹೊರಟವನು ಹೇಳಿದ: "ಗಾಲಿ ಮಾತ್ರ ನಾನು ಬರೋತನಕ ಮುಟ್ಟಬ್ಯಾಡ. ಮಿಲಿಟರಿ ಗಾಲಿದು ಬ್ಯಾರೆ ಲೆಕ್ಕ."

ಗಾಲಿ ಮುಟ್ಟಬೇಡ ಎಂದು ಮೌಲಾಸಾಬನಿಗೆ ಹೇಳುವುದೇ! ಅವನಿಗೆ ಮೈಯೆಲ್ಲ ಉರಿಯಿತು. ಗೆಳೆಯ ಕಣ್ಮರೆಯಾದದ್ದೇ ತಡ, ಮುಂದಿನ ಎಡಗಾಲಿಯ ನಟ್ಟಿಗೆ ಪಾನಾ ಹಾಕಿದ. ಎಡಕ್ಕೆ ತಿರುಗಿಸಿದರೆ ಸಡಿಲ ಎಂಬುದು ಅವನು ಹುಟ್ಟಿದಾಗಿನಿಂದ ಕಂಡದ್ದು. ನಟ್ಟು ಅಲುಗಲಿಲ್ಲ. ಪಾನಾದ ಹಿಡಿಗೆ ಉದ್ದನೆ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದ. ಬೋಲ್ಟೇ ಟಪ್ಪೆಂದು ಮುರಿಯಿತು. ತುಕ್ಕು ಹಿಡಿದಿರಬೇಕೆಂದು ಎರಡನೆಯದಕ್ಕೆ ಕೈ ಹಾಕಿದ, ಅದೂ ಹೋಯಿತು. ಸಿಟ್ಟಿನಲ್ಲಿ ಮೂರನೆಯದನ್ನೂ ಮುರಿದ. ನಾಲ್ಕನೆಯದಕ್ಕೆ ಕೈ ಸೋತು ಪಾನಾ ಬಲಕ್ಕೆ ಜಾರಿತು. ನಟ್ಟು ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು.

ಆ ಲಾರಿಯ ಎಡಬದಿಗೆ ಉಲ್ಟಾ ತಿರುಪು. ಓಡುವಾಗ ನಟ್ಟು ತಾನಾಗಿಯೇ ಸಡಿಲಾಗಬಾರದೆಂದು ಹಾಗೆ ಮಾಡಿದ್ದು. ಬಂಡಿಯಲ್ಲಾದರೆ ಗಾಲಿ ಕಳಚದಂತೆ ಎರಡು ಕಡೆಗೂ ಸಿಕ್ಕಿಸುವುದು ಒಂದೇ ಥರದ ಕಡಾಣಿ. ಅವನಿಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದ್ದು ತಪ್ಪಲ್ಲ. ತಪ್ಪು ಅದರ ಮುಂದಿನದು. ಮುರಿದ ತುಂಡುಗಳನ್ನು ಕಿತ್ತು, ತನ್ನ ಡಬ್ಬಿಯಲ್ಲಿದ್ದ ಮಾಮೂಲಿ ತಿರುಪಿನ ಮೂರು ಬೋಲ್ಟು ಹಾಕಿ, ಮೇಲೆ ಕಪ್ಪು ಬಣ್ಣ ಬಳಿದುಬಿಟ್ಟ.

ಮರಳಿ ಬಂದ ಚಿತ್ತಪ್ಪನಿಗೆ ಗಾಲಿ ಕೆಲಸ ಮುಗಿದದ್ದು ಕಂಡು ಆಶ್ಚರ್ಯ. "ಎಡಗಡೇದು ಉಲ್ಟಾ ತಿರುಪು ಐತಲ್ಲ, ಹೆಂಗೆ ಗೊತ್ತಾತು?"

"ಗಾಲಿ ಕೆಲಸ ನನಗೆ ಹೇಳಿಕೊಡಾಕೆ ಬರ್ತೀಯೇನೋ?" ಅಂದ ಮೌಲಾಸಾಬ್. ಚಿತ್ತಪ್ಪ ನಕ್ಕು ಅವನ ಬೆನ್ನು ತಟ್ಟಿದ. ಮತ್ತೆ ಬಿಚ್ಚಿ ನೋಡಲಿಲ್ಲ.

ಮೊದಲ ಸಲ ಜಗಳೂರು ಸಂತೆಗೆ ಹೊರಟ ಬೆಳಿಗ್ಗೆ ಚಿತ್ತಪ್ಪ ಮಿಲಿಟರಿ ಅಭ್ಯಾಸದಂತೆ ನಾಲ್ಕೂ ಗಾಲಿಗಳ ನಟ್ಟನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳಿದ. ಮೌಲಾಸಾಬ್ ಅದನ್ನು ಕಣ್ಣಾರೆ ನೋಡಿದ. ಗಾದ್ರಮ್ಮ ಹೊಸ ಸೀರೆಯುಟ್ಟು ಎಡಗಡೆ ಸೀಟಿನಲ್ಲಿ ಕುಳಿತಳು. ಎರಡು ಹರದಾರಿ ಹೋಗುವಷ್ಟರಲ್ಲಿ ಆ ಮೂರು ನಟ್ಟು ಸುತ್ತಿ ಸುತ್ತಿ ಬಿದ್ದುಹೋದವು. ಭಾರ ತಾಳದೆ ಉಳಿದ ಮೂರು ಬೋಲ್ಟು ಮುರಿದು, ಗಾಲಿ ಕಳಚಿ, ಲಾರಿ ಎಡಕ್ಕೆ ಹಳ್ಳಕ್ಕೆ ವಾಲಿತು. ಗಾದ್ರಮ್ಮನ ಎಡಮೊಣಕೈ ಬಾಗಿಲಿಗೂ ಬಂಡೆಗೂ ಸಿಕ್ಕಿ ನುಚ್ಚಾಯಿತು.

ಚಿತ್ತಪ್ಪ ಅವಳನ್ನು ಬಂಡಿಯಲ್ಲಿ ಆಸ್ಪತ್ರೆಗೆ ಒಯ್ದ. ಲಾರಿ ಎಳೆಸಲು ಎತ್ತು ಹೊಡೆದುಕೊಂಡು ಹೋದ ಮೌಲಾಸಾಬ್ ಮಾಡಿದ ಮೊದಲ ಕೆಲಸವೆಂದರೆ, ತನ್ನ ಮೂರು ಬೋಲ್ಟುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡದ್ದು. ಛೀ, ಎಂಥ ಕೆಲಸ!

ಕೈ ಉಳಿಯಿತು, ಆದರೆ ಸೊಟ್ಟಗೆ ಕೂಡಿತು. ಗಾದ್ರಮ್ಮ ಆಮೇಲೆ ರೊಟ್ಟಿ ತಟ್ಟಲಿಲ್ಲ. ಗುಲ್ಜಾರ್‌ಬೀ ಒಂದು ತಿಂಗಳು ರೊಟ್ಟಿ ಕಳಿಸಿದಳು. "ನನ್ನ ತಪ್ಪಿಗೆ ನೀವ್ಯಾಕೆ ಅತ್ತಿಗೆ ದುಡೀತೀರಿ" ಎಂದು ಚಿತ್ತಪ್ಪ ಅದನ್ನೂ ನಿಲ್ಲಿಸಿ, ತಾನೇ ಒಲೆ ಮುಂದೆ ಕೂತು ಹರಕು ರೊಟ್ಟಿ ತಟ್ಟತೊಡಗಿದ. ಸ್ಟಿಯರಿಂಗು ಮಾತ್ರ ಮುಟ್ಟಲಿಲ್ಲ.

ಒಂದು ದಿನ ಬಂದು ಕೇಳಿದ: "ಮೌಲಣ್ಣ, ಆವತ್ತು ನಾನು ಎಡಗಾಲಿ ತಟ್ಟಿ ನೋಡಿದ್ನೋ ಇಲ್ವೋ? ಎಷ್ಟು ಯೋಚನೆ ಮಾಡಿದ್ರೂ ನೆನಪಾಗವಲ್ದು. ನೀನು ಇದ್ದೆಯಲ್ಲ?"

"ನಾನು ನೋಡಲಿಲ್ಲಪ್ಪ" ಅಂದ ಮೌಲಾಸಾಬ್.

ಆ ಸುಳ್ಳು ಎರಡು ವರ್ಷ ಅವನನ್ನು ಬಿಡಲಿಲ್ಲ. ನಮಾಜಿಗೆ ನಿಂತರೂ ಎದೆಯಲ್ಲಿ ಅದೇ. ಹಿತ್ತಲಲ್ಲಿ ನೀಲಿ ಲಾರಿ ನಿಂತೇ ಇತ್ತು, ಅದರ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಹೇಳಿಬಿಡಬೇಕೆಂದು ಅವನು ಎಷ್ಟೋ ಸಲ ಚಿತ್ತಪ್ಪನ ಬಾಗಿಲ ತನಕ ಹೋಗಿ, ಗಾದ್ರಮ್ಮನ ಕೈ ಕಂಡು, ಮಳೆಯ ಮಾತಾಡಿ ಹಿಂದಿರುಗಿದ.

ನಲವತ್ತೆಂಟರ ಬೇಸಿಗೆಯಲ್ಲಿ ಚಿತ್ತಪ್ಪ ಹೆಂಡತಿಯ ಜೊತೆ ಹಿತ್ತಲಿಗೆ ಬಂದ. "ಇದನ್ನ ಒಡೆದು ಹಾಕು, ಅಣ್ಣ. ಕಬ್ಬಿಣ ನಿನ್ನ ಗಾಲಿ ಪಟ್ಟಿಗಾದ್ರೂ ಆಗಲಿ. ನನ್ನ ಕೈ ನಂಬಿ ಇನ್ನೊಬ್ರು ಕೂರೋದು ಬ್ಯಾಡ."

ಮೌಲಾಸಾಬ್ ಸುತ್ತಿಗೆ ಎತ್ತಿದ. ತಾನೇ ಕಟ್ಟಿದ ಬಾಗಿಲು ಕಣ್ಣೆದುರಿಗಿತ್ತು. ಸುತ್ತಿಗೆ ಕೆಳಗಿಟ್ಟು ಒಳಗೆ ಹೋಗಿ, ಬೀಡಿ ಡಬ್ಬಿ ತಂದು ಮೂರು ಬೋಲ್ಟನ್ನು ಗೆಳೆಯನ ಅಂಗೈಗೆ ಸುರಿದ.

"ನೀನು ನಾಲ್ಕೂ ಗಾಲಿ ತಟ್ಟಿದ್ದೆ. ನಾನು ನೋಡೀನಿ. ಮುರಿದೋನು ನಾನು, ಮುಚ್ಚಿಟ್ಟೋನು ನಾನು."

ಚಿತ್ತಪ್ಪ ಒಂದು ಬೋಲ್ಟಿಗೆ ನಟ್ಟು ಹಾಕಿ ಬಲಕ್ಕೆ ತಿರುಗಿಸಿ ನೋಡಿದ. ಬಿಗಿಯಾಯಿತು. ಎಡಕ್ಕೆ ತಿರುಗಿಸಿದ. ಸಡಿಲಾಯಿತು. "ಹಂಗಾರೆ ನಾನಲ್ಲ" ಎಂದು ಹೆಂಡತಿಯ ಮುಖ ನೋಡಿ, ನೆಲಕ್ಕೆ ಕೂತು ಅತ್ತುಬಿಟ್ಟ.

ಗಾದ್ರಮ್ಮ ಸೊಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಕೈ ಹೋಗಿದ್ದು ನನ್ನ ಹಣೆಬರಹ ಅಂದ್ಕೋತೀನಿ, ಮೌಲಣ್ಣ. ಎರಡು ವರ್ಷ ಇವರು ನನ್ನ ಕೈ ನೋಡಿ ನೋಡಿ ಅತ್ತಿದ್ದನ್ನ ಏನಂದ್ಕೊಳ್ಳಲಿ?"

ಮೌಲಾಸಾಬ್ ಸುತ್ತಿಗೆ ಒಳಗಿಟ್ಟು, ಕಳಚಿದ ಎಡಗಾಲಿಯನ್ನು ಲಾರಿಯ ಹತ್ತಿರಕ್ಕೆ ಉರುಳಿಸಿ ತಂದ.

ಮುಂಗಾರಿನ ಹೊತ್ತಿಗೆ ನೀಲಿ ಲಾರಿ ಮತ್ತೆ ರಸ್ತೆಗಿಳಿಯಿತು. ಎಡಗಡೆ ಸೀಟಿನಲ್ಲಿ ಗಾದ್ರಮ್ಮ ಕೂರುತ್ತಿದ್ದಳು. ರಿಪೇರಿ ಬಂದರೆ ಸುತ್ತಮುತ್ತ ಬೇರೆ ಕೈ ಇರಲಿಲ್ಲ, ಚಿತ್ತಪ್ಪ ಮೌಲಾಸಾಬನ ಹಿತ್ತಲಿಗೇ ತರುತ್ತಿದ್ದ. ಮೊದಲಿನ ನಗೆಯಿಲ್ಲ, ಬೆನ್ನು ತಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ಅವನ ಎದುರಿಗೇ ಪಾನಾ ತೆಗೆದುಕೊಂಡು, ಎಡಗಾಲಿಯ ಆರೂ ನಟ್ಟನ್ನು ಬಿಚ್ಚಿ, ಬೋಲ್ಟಿನ ತಿರುಪು ನೋಡಿ, ಮತ್ತೆ ಬಿಗಿಯುತ್ತಿದ್ದ. ಅಷ್ಟು ಹೊತ್ತೂ ಮೌಲಾಸಾಬ್ ಬಿಸಿಲಲ್ಲಿ ಕೈಕಟ್ಟಿ ನಿಂತಿರುತ್ತಿದ್ದ.