ಆಪಾ ಕಲಿಸಿದ ಕಣ್ಣಿನ ಮಾತುಗಳು

ಮೊನ್ನೆ ನಮ್ಮ ಕಣ್ಣಿನ ದವಾಖಾನೆಗೆ ಹೊಸದಾಗಿ ಸೇರಿದ ಹುಡುಗಿ ಒಬ್ಬ ಹೆಂಗಸಿನ ಕೆಳರೆಪ್ಪೆಯೊಳಗೆ ಬಣ್ಣದ ಪಟ್ಟಿ ತಾಗಿಸಿದಳು. ಕಾಗದದ ಸಣ್ಣ ಪಟ್ಟಿ, ತುದಿಗೆ ಕಿತ್ತಳೆ ಬಣ್ಣ. ಕಣ್ಣೀರು ತಾಗಿದರೆ ಅರಿಸಿನದ ಹಾಗೆ ಹರಡುತ್ತದೆ. ಕಪ್ಪುಗುಡ್ಡೆಯ ಮೇಲೆ ಗಾಯವಿದ್ದರೆ ನೀಲಿ ಬೆಳಕಿನಲ್ಲಿ ಆ ಜಾಗವಷ್ಟೇ ಹಸಿರಾಗಿ ಹೊಳೆಯುತ್ತದೆ. ಹೆಂಗಸಿನ ಕೆನ್ನೆಯ ಮೇಲೆ ಹಳದಿ ನೀರು ಇಳಿಯುವುದನ್ನು ನೋಡುತ್ತ ನಿಂತೆ... ಆಪಾ ನೆನಪಾದರು.

ನಾನು ನವಲಿಯಿಂದ ಗಂಗಾವತಿಗೆ ಬಂದು ಸಹಾಯಕಿಯಾಗಿ ಸೇರಿದಾಗ ಅವರು ಅಲ್ಲಿ ಹಿರಿಯ ಸಹಾಯಕಿ. ಅಕ್ಕ ಎನ್ನುವಂತೆ ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಮೊದಲ ದಿನವೇ ಡಾಕ್ಟರು ಒಳಗಿನಿಂದ "ಓಡಿ ನೋಡಮ್ಮ" ಎಂದರು. ನಾನು ನಿಜಕ್ಕೂ ಓಡಿದೆ. ಆಪಾ ನಗುತ್ತ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ಓಡೋದಲ್ಲವ್ವ. ಓಡಿ ಅಂದ್ರ ಬಲಗಣ್ಣು, ಓಎಸ್ ಅಂದ್ರ ಎಡಗಣ್ಣು. ಇದಽ ನಿನ್ನ ಮೊದಲನೇ ಪಾಠ."

ಮಿಕ್ಕ ಪಾಠಗಳೂ ಹೀಗೇ, ಕೆಲಸದ ನಡುವೆಯೇ ಆದವು. ಕಾರ್ನಿಯಾ ಎಂದರೆ ಕೈಗಡಿಯಾರದ ಗಾಜು ಇದ್ದ ಹಾಗೆ, ಕಣ್ಣಿನ ಮುಂದಿನ ತಿಳಿ ಪದರ. ರೆಟಿನಾ ಎಂದರೆ ಹಿಂದಿನ ಪರದೆ. ಅಲ್ಸರ್ ಎಂದರೆ ಆ ಮುಂದಿನ ಗಾಜಿನ ಮೇಲೆ ಎದ್ದ ಹುಣ್ಣು. ಡಾಕ್ಟರು ಒಂದು ಇಂಗ್ಲಿಷ್ ಹೆಸರು ಹೇಳಿ ಮುಂದಿನ ರೋಗಿಯತ್ತ ತಿರುಗಿಬಿಡುತ್ತಿದ್ದರು. ಅದನ್ನು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ ಮನೆಮಂದಿಗೆ ಬಿಡಿಸಿ ಹೇಳುವುದು ಆಪಾರ ಪಾಲಿಗೆ. ಕೆಟ್ಟ ಸುದ್ದಿಯಾದರೆ ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಬಿಟ್ಟು ಬಾಯಿ ತೆರೆಯುತ್ತಿದ್ದರು.

ಭತ್ತದ ಸುಗ್ಗಿಯಲ್ಲಿ ನಮಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಗದ್ದೆಯಲ್ಲಿ ಎಲೆ ಗೀರಿಕೊಂಡವರು, ರೈಸ್ ಮಿಲ್ಲಿನಲ್ಲಿ ಹೊಟ್ಟು ಸಿಡಿದವರು ಸಾಲುಗಟ್ಟಿ ಬರುತ್ತಿದ್ದರು. ಎಲ್ಲರಿಗೂ ಆಪಾ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಕಣ್ಣಿಗೆ ಏನರ ಹಾಕೀರೇನ್ರಿ?" ಹರಳೆಣ್ಣೆ, ಎದೆಹಾಲು, ಇನ್ಯಾರದೋ ಔಷಧಿ... ಏನೇನೋ ಹಾಕಿರುತ್ತಿದ್ದರು. ಹೊಟ್ಟಿನ ಗಾಯದಲ್ಲಿ ಬೂಷ್ಟು ಬೆಳೆಯುತ್ತದೆ. ಅದಕ್ಕೆ ಸ್ಟೀರಾಯ್ಡ್ ಹನಿ ಬಿಟ್ಟರೆ ಕೆಂಪು ಇಳಿದು ಹಾಯೆನಿಸುತ್ತದೆ, ಹುಣ್ಣು ಮಾತ್ರ ಒಳಗೊಳಗೇ ಕೊರೆಯುತ್ತ ಹೋಗುತ್ತದೆ.

ಆಪಾರ ಗಂಡ ಮಿಲ್ಲಿನಲ್ಲಿ ಹಮಾಲಿಯಾಗಿದ್ದರು. ಅಂಥದೇ ಒಂದು ಸುಗ್ಗಿಯ ಬೆಳಿಗ್ಗೆ ಆಪಾ ಅವರನ್ನು ಕೈಹಿಡಿದು ಕರೆತಂದರು. ಎಡಗಣ್ಣು ಬಾತಿತ್ತು, ಕಪ್ಪುಗುಡ್ಡೆಯ ನಡುವೆ ಬಿಳಿ ಮಚ್ಚೆ. ಪಟ್ಟಿ ತಾಗಿಸಿದವರು ಆಪಾನೇ. ನೀಲಿ ಬೆಳಕು ಬಿದ್ದಾಗ ಕಂಡ ಹಸಿರಿನ ಅಗಲಕ್ಕೆ ನಾನು ಹಿಂದೆ ಸರಿದೆ. ಆಪಾ ಬೇರೆಯವರನ್ನು ಕೇಳುವ ದನಿಯಲ್ಲೇ ಗಂಡನನ್ನೂ ಕೇಳಿದರು.

"ಕಣ್ಣಿಗೆ ಏನರ ಹಾಕೀರೇನು?"

"ಹೊಟ್ಟು ಬಿದ್ದಿತ್ತು. ಅಮ್ಮಾಗ ಪೊರಿ ತೆಗಿಸಿದಾಗ ನೀ ತಂದಿದ್ದೆಲ್ಲ ಔಷಧಿ, ಕಪಾಟಿನ್ಯಾಗ ಇತ್ತು, ಅದನ್ನಽ ಹಾಕ್ಕೊಂಡೆ. ಭಾಳ ಆರಾಮ ಅನಸ್ತು. ನಿನಗ ಹೇಳಿದ್ರ ಕೆಲಸಕ್ಕ ಬಿಡ್ತಿದ್ದಿಲ್ಲ ನೀ."

ಅತ್ತೆಯ ಆಪರೇಷನ್ ಆದ ಮೇಲೆ ಉಳಿದಿದ್ದ ಸ್ಟೀರಾಯ್ಡ್ ಬಾಟಲಿ. ಚೆಲ್ಲುವುದನ್ನು ಆಪಾ ಮರೆತಿದ್ದರು. ಕೈಯಲ್ಲಿದ್ದ ಪಟ್ಟಿ ಕೆಳಗೆ ಬಿತ್ತು. ಬಗ್ಗಿ ಅದನ್ನು ಎತ್ತಲೂ ಇಲ್ಲ.

ಬೂಷ್ಟಿನ ಔಷಧಿ ಶುರುವಾಯಿತು. ಆಪಾ ರಜೆ ಹಾಕಿ ಮನೆಯಲ್ಲೇ ಕೂತು ತಾಸಿಗೊಮ್ಮೆ ಹನಿ ಬಿಟ್ಟರು. ತಡವಾಗಿತ್ತು. ಕೊನೆಗೆ ಹುಣ್ಣು ತೂತಾಗಿ ಮತ್ತೆ ಕರೆತಂದಾಗ, ಡಾಕ್ಟರು ಆಪಾರ ಮುಖ ನೋಡದೆ "ಎವಿಸರೇಷನ್" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು.

ಹೊರಗೆ ಬೆಂಚಿನ ಮೇಲೆ ಗಂಡ ಕೇಳಿದರು, "ಏನೋ ಹೆಸರು ಹೇಳಿದ್ರಲ್ಲ, ಏನದು?"

ಆಪಾರ ತುಟಿ ಅಲುಗಿತು. ಎಷ್ಟು ಮನೆಯವರಿಗೆ ಆ ಮಾತನ್ನು ಬಿಡಿಸಿ ಹೇಳಿದ್ದರೋ... ಅವತ್ತು ದನಿ ಹೊರಡಲಿಲ್ಲ. ನನ್ನ ಕಡೆ ನೋಡಿದರು. ನಾನು ಹೋಗಿ ಅವರ ಗಂಡನ ಪಕ್ಕ ಕೂತೆ.

"ಕಣ್ಣೊಳಗಿಂದೆಲ್ಲ ತಗದುಬಿಡಬೇಕ್ರಿ ಅಣ್ಣಾರ. ನೋಟ ಹೋಗೇತ್ರಿ. ಹಂಗಽ ಬಿಟ್ರ ಕೀವು ಒಳಗ ಏರತೈತ್ರಿ."

 ಅವರು ಹೆಂಡತಿಯ ಕಡೆ ತಿರುಗಿ, "ನೀ ಯಾಕ ಅಳತಿ? ನಿಂದೇನ್ ತಪ್ಪೈತಿ ಇದರಾಗ?" ಎಂದರು. ಬೈದಿದ್ದರೆ ಆಪಾ ತಡೆದುಕೊಳ್ಳುತ್ತಿದ್ದರೇನೋ. ಅಷ್ಟು ಕೇಳಿದ್ದೇ ಗೋಡೆಗೆ ಮುಖ ಮಾಡಿ ಕುಸಿದು ಕೂತರು.

ಆಪರೇಷನ್ ಆದ ಮೇಲೆ ಕೆಲಸಕ್ಕೆ ಬಂದರು. ಆದರೆ ರೋಗಿಯ ರೆಪ್ಪೆ ಬಿಡಿಸಿ ಹನಿ ಹಾಕಬೇಕು ಎನ್ನುವಾಗ ಕೈ ನಿಂತುಬಿಡುತ್ತಿತ್ತು. ಬಾಟಲಿಯ ಹೆಸರು ಓದುವುದು, ತಿರುಗಿಸಿ ಮತ್ತೆ ಓದುವುದು... "ನೀ ಹಾಕವ್ವ" ಎಂದು ನನಗೆ ಕೊಟ್ಟು ಹೊರಗೆ ಹೋಗುತ್ತಿದ್ದರು. ಮಿಲ್ಲಿನ ದೂಳಿನಲ್ಲಿ ಗಂಡನಿಗೆ ದುಡಿಯಲಾಗದೆ, ಮುಂದೆ ಇಬ್ಬರೂ ಕುಷ್ಟಗಿಗೆ, ಆಪಾರ ತವರಿಗೆ ಹೊರಟುಹೋದರು.

ಪಟ್ಟಿ ನೋಡಿ ನೆನಪು ಕಾಡಿತಲ್ಲ, ಈ ಭಾನುವಾರ ಕುಷ್ಟಗಿ ಬಸ್ಸು ಹತ್ತಿದೆ. ಮನೆ ಹುಡುಕಿ ಹೋದಾಗ ಬಾಗಿಲು ತೆರೆದವರು ಆಪಾರ ಗಂಡ. ಎಡಗಣ್ಣಿನ ಜಾಗದಲ್ಲಿ ಕೂಡಿಸಿದ ಕೃತಕ ಕಣ್ಣು ನನ್ನನ್ನು ದಾಟಿ ಎತ್ತಲೋ ನೋಡುತ್ತಿತ್ತು. ನನ್ನ ಗುರುತು ಹಿಡಿದರು.

"ಅಕಿ ಹೋಗ್ಯಾಳವ್ವ," ಎಂದರು. "ರಂಜಾನ್ ಮುಂದ. ಎದಿ ನೋವಂದ್ಲು, ಅಷ್ಟಽ."

ಒಳಗೆ ಕೂಡಿಸಿ ನೀರು ಕೊಟ್ಟರು. ಕೊನೆಕೊನೆಗೆ ಆಪಾರ ಎರಡೂ ಕಣ್ಣಿಗೆ ಪೊರೆ ಬಲಿತಿತ್ತಂತೆ. ಗೋಡೆ ಹಿಡಿದು ಓಡಾಡುತ್ತಿದ್ದರಂತೆ.

"ಸಣ್ಣ ಆಪರೇಷನ್ ಅಲ್ರಿ ಅದು. ನನಗ ಹೇಳಿ ಕಳಸಿದ್ರ..."

"ನಾ ಭಾಳ ಹೇಳಿದೆ. ಗಂಗಾವತಿಗೆ ಹೋಗೋಣು, ಆ ಹುಡುಗಿ ಅದಾಳ ಅಂದೆ. ಒಲ್ಲೆ ಅಂದ್ಲು. 'ಈಗ ನಿಮ್ಮ ಮಾರಿ ಮಬ್ಬ ಕಾಣತೈತಿ, ನನಗ ಇದಽ ಛಲೋ ಐತಿ, ಬಿಡ್ರಿ' ಅಂದ್ಲು."

ನೀರಿನ ಲೋಟ ಕೆಳಗಿಟ್ಟೆ. ಸಂಜೆಯ ಬಸ್ಸಿಗೆ ಗಂಗಾವತಿಗೆ ಮರಳಿದೆ.

ಇವತ್ತು ಸೋಮವಾರ, ಪೊರೆ ತೆಗೆಸಿಕೊಂಡವರ ಕಣ್ಣಿನ ಕಟ್ಟು ಬಿಚ್ಚುವ ದಿನ. ಬಿಚ್ಚಿದ ಕೂಡಲೇ ಅವರು ಮೊದಲು ಹುಡುಕುವುದು ಜೊತೆಗೆ ಬಂದ ಮನೆಯವರ ಮುಖವನ್ನು. ಆಪಾಗೆ ಬೇಡವಾಗಿದ್ದದ್ದು ಅದೊಂದೇ.