ಮುಳ್ಳುಕೀರೆ ಹಬ್ಬಿದ ಹೊಲ

ತಾವರೆಕೆರೆಯ ತಿಪ್ಪೇರುದ್ರ ಮುಸುಕಿನ ಜೋಳಕ್ಕೆ ಕಳೆನಾಶಕ ಹೊಡೆದು ಹೊತ್ತೇರುವ ಮುಂಚೆಯೇ ಮನೆ ಸೇರುತ್ತಿದ್ದ. ಪಕ್ಕದ ಹೊಲ ತೀರಿಹೋದ ಅಣ್ಣ ಸಂಜೀವಯ್ಯನದು. ಅಲ್ಲಿ ಅತ್ತಿಗೆ ನರಸಿಂಹಮ್ಮ ಎತ್ತು ಕಟ್ಟಿಸಿ ಸಾಲಿನ ನಡುವೆ ಎಡೆಕುಂಟೆ ಹೊಡೆಸುತ್ತ, ಕೂಲಿ ಹೆಂಗಸರ ಜೊತೆ ತಾನೂ ಕೂತು ಕಳೆ ಕೀಳುತ್ತಿದ್ದಳು.

"ನಮ್ಮತ್ಗೆ ಇನ್ನೂ ಅಜ್ಜನ ಕಾಲ್ದಾಗೇ ಅವ್ರೆ" ಎಂದು ಇವನು ನಗುತ್ತಿದ್ದ.

ಒಂದು ಆಷಾಢದಲ್ಲಿ ಗಾಳಿ ಜೋರಾಗಿದ್ದರೂ ಸ್ಪ್ರೇ ನಿಲ್ಲಿಸಲಿಲ್ಲ. ವಾರ ಕಳೆಯುವಷ್ಟರಲ್ಲಿ ಬದುವಿನಾಚೆ ಅತ್ತಿಗೆಯ ಅವರೆ ಮುರುಟಿ ಒಣಗಿಹೋಯಿತು.

"ನಿಮ್ಮಣ್ಣ ವರ್ಸಾವರ್ಸ ಬೂದಿ ಸವರಿ ಉಳಿಸ್ಕೊಂಡ್ ಬಂದಿದ್ ಬೀಜ ಕಣಪ್ಪ. ಒಂದ್ಕಾಳೂ ಇಟ್ಕಳ್ದೆ ಬಿತ್ಬುಟ್ಟಿದ್ದೆ" ಎಂದಳು.

"ಗಾಳಿಗೆ ನಾನೇನ್ ಮಾಡ್ಲಿ ಅತ್ಗೆ?"

ಆಮೇಲೆ ಅವಳು ಇವನೊಡನೆ ಮಾತು ಬಿಟ್ಟಳು.

ಬರಬರುತ್ತ ಇವನ ಹೊಲದ ಮುಳ್ಳುಕೀರೆ ಕಳೆ ಔಷಧಿಗೆ ಬಗ್ಗದಾಯಿತು. ಪ್ರಮಾಣ ಹೆಚ್ಚಿಸಿದ, ಬ್ರಾಂಡ್ ಬದಲಿಸಿದ. ಎಲೆ ಹಳದಿಯಾಗಿ ಮತ್ತೆ ಚಿಗುರುತ್ತಿತ್ತು. ಜೋಳಕ್ಕಿಂತ ಕಳೆಯೇ ಎತ್ತರ ಬೆಳೆದ ವರ್ಷ ಹೆಂಡತಿ ವರಲಕ್ಷ್ಮಿಯನ್ನು ಕರೆದುಕೊಂಡು ಅತ್ತಿಗೆಯ ಬಾಗಿಲಿಗೆ ಹೋದ.

"ತಪ್ಪಾಯ್ತು ಅತ್ಗೆ" ಎಂದ.

ನರಸಿಂಹಮ್ಮ ವರಲಕ್ಷ್ಮಿಯ ಕಡೆಗೇ ನೋಡಿದಳು. "ನಿನ್ ಗಂಡಂಗೆ ಹೇಳವ್ವ. ಮೊದಲ್ನೇ ಮಳೆಗೇ ಬಿತ್ಬಾರ್ದು. ಕಳೆ ಹುಟ್ಲಿ, ಕುಂಟೆ ಹೊಡೀಲಿ. ಇನ್ನೊಂದ್ಸಲ ಹುಟ್ಲಿ, ಇನ್ನೊಂದ್ಸಲ ಹೊಡೀಲಿ. ಆಮ್ಯಾಕೆ ಬಿತ್ಲಿ. ಉಳಿದಿದ್ನ ಹೂವಾಗೋಕ್ ಮುಂಚೆ ಕೈಯಾಗೇ ಕೀಳ್ಬೇಕು. ಎತ್ತು ಬೇಕಾದ್ರೆ ಹೊಡ್ಕೊಂಡೋಗ್ಲಿ."

ಹಾಗೆಯೇ ಮಾಡಿದ. ಮೊದಲ ವರ್ಷ ಅರ್ಧ ಹೊಲ ಕಳೆಗೆ ಸೋತಿತು. ನೆಲದಲ್ಲಿ ಬಿದ್ದಿದ್ದ ಕಳೆಬೀಜವೆಲ್ಲ ಹುಟ್ಟಿ ಮುಗಿಯಬೇಕಿತ್ತು. ಮುಳ್ಳು ಚುಚ್ಚಿ ಬೆರಳು ಬಾತುಕೊಂಡವು. ಮರುವರ್ಷ ಕಳೆ ತೆಳುವಾಯಿತು; ಅದರ ಮುಂದಿನ ವರ್ಷ ಸಾಲುಗಳ ನಡುವೆ ಮಣ್ಣು ಕಾಣುತ್ತಿತ್ತು.

ಅಳಿದುಳಿದ ಕಳೆ ಕೀಳಲು ಒಂದು ದಿನ ನರಸಿಂಹಮ್ಮನೂ ಬಂದಿದ್ದಳು, ಕರೆದದ್ದು ವರಲಕ್ಷ್ಮಿ. ಮಧ್ಯಾಹ್ನ ಹೆಂಗಸರೆಲ್ಲ ಬೇವಿನ ಮರದಡಿ ಉಣ್ಣಲು ಕೂತರು. ತಿಪ್ಪೇರುದ್ರ ಮುದ್ದೆಯ ತಟ್ಟೆ ಹಿಡಿದು ಅತ್ತಿಗೆಯ ಮುಂದೆ ನಿಂತ. ಅವಳು ತನ್ನ ಬುತ್ತಿ ತೆಗೆದುಕೊಂಡು ಎದ್ದು, ಬದು ದಾಟಿ ತನ್ನ ಹೊಲದಲ್ಲಿ ಕೂತಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು ಎನಿಸಿತು ಅವನಿಗೆ. ತಟ್ಟೆಯನ್ನು ಹೆಂಡತಿಯ ಕೈಗೆ ಕೊಟ್ಟು, ಉಣ್ಣದೆಯೇ ಬಾಕಿ ಸಾಲಿನ ಕಳೆಗೆ ಬಗ್ಗಿದ.