ಚೇಳಿನ ಕೊಂಡಿಯಲ್ಲಿ ಹುಟ್ಟಿದವಳು

ಮೊನ್ನೆ ಪಿರಿಯಾಪಟ್ಟಣದ ಕಡೆ ತವರಿಗೆ ಹೋಗಿದ್ದೆ. ಬಸ್ಸಿಳಿದು ಊರ ದಾರಿಗೆ ತಿರುಗಿದ್ದೇ ತಡ, ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯುತ್ತಿದ್ದ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಆ ಘಾಟಿಗೆ ನನಗೆ ನೆನಪಾಗುವವರು ಟೀಚರಮ್ಮ ಒಬ್ಬರೇ. ಸೊಪ್ಪು ಬೇಯಿಸುವ ಕಾಲದಲ್ಲೇ, ಮಳೆ ಬಿಟ್ಟಿದ್ದ ಒಂದು ಸಂಜೆ, ಅವರು ನನ್ನ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿದ್ದರು...

ನಮ್ಮ ಪಕ್ಕದ ಮನೆಯವರು. ಊರ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಮದುವೆಯಾಗಿದ್ದರೂ ಗಂಡನ ಮನೆಯಲ್ಲಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ, ಅವರ ಬಾಯಿ ಅಂಥದ್ದು.

ನನಗೆ ಆಗ ಗಂಡು ನೋಡುತ್ತಿದ್ದರು. ನನ್ನದು ಮೂಲಾ ನಕ್ಷತ್ರ. ಮೂಲಾದ ಹೆಣ್ಣು ಕಾಲಿಟ್ಟರೆ ಮಾವನ ಜೀವಕ್ಕೆ ಆಗುವುದಿಲ್ಲವಂತೆ. ಅದಕ್ಕೇ ನಮ್ಮ ಕಡೆ ಅಂಥ ಹುಡುಗಿಗೆ ಮಾವ ಇಲ್ಲದ ಮನೆಯನ್ನೇ ಹುಡುಕುತ್ತಾರೆ. ಗಂಡಿನ ಅಪ್ಪ ತೀರಿಕೊಂಡಿದ್ದಾರೆ ಎಂದರೆ ಸಾಕು, ನಮ್ಮಮ್ಮನ ಮುಖ ಅರಳುತ್ತಿತ್ತು! ಥೂ, ಇದೆಂಥ ಬಾಳು ಅನ್ನಿಸುತ್ತಿತ್ತು ನನಗೆ.

ಕೆ.ಆರ್. ನಗರದ ಕಡೆಯ ಹುಡುಗನೊಬ್ಬ ಬಂದು ನೋಡಿಹೋದ. ನನಗೂ ಹಿಡಿಸಿದ. ಆದರೆ ಅವನ ಅಪ್ಪ ಗಟ್ಟಿಮುಟ್ಟಾಗಿದ್ದರು. ನಮ್ಮಪ್ಪ ಜೋಯಿಸರ ಹತ್ತಿರ ಹೋಗಿ ಬಂದು, "ಹುಟ್ಟಿದ್ ಒತ್ತ ಒಸಿ ಮುಂದಕ್ಕಾಕುದ್ರೆ ಪೂರ್ವಾಷಾಢ ಆಯ್ತದಂತೆ. ಜಾತ್ಕ ಅಂಗೇ ಬರುಸ್ತೀನಿ. ನೀನು ಬಾಯ್ ಮುಚ್ಕೊಂಡಿರು" ಅಂದರು. ಹೂಂ ಅನ್ನಲು ಮನಸ್ಸಿಲ್ಲ, ಊಹೂಂ ಅಂದರೆ ಹುಡುಗ ಕೈತಪ್ಪುತ್ತಾನೆ. ಹೋಗಿ ಟೀಚರಮ್ಮನ ಮುಂದೆ ಅತ್ತೆ.

ಆಗಲೇ ಅವರು ನನ್ನನ್ನು ಅಂಗಳಕ್ಕೆ ಎಳೆದದ್ದು. ತೆಂಕಣ ದಿಕ್ಕಿನಲ್ಲಿ, ತೆಂಗಿನ ಮರಗಳ ಮೇಲೆ, ನಕ್ಷತ್ರಗಳ ಚೇಳು ಬಾಲ ಎತ್ತಿಕೊಂಡು ನಿಂತಿತ್ತು.

"ಅಗೋ, ಎದೇಲಿ ಕೆಂಪುಗೆ ಉರೀತದಲ್ಲ, ಅದು ಜ್ಯೇಷ್ಠಾ. ನಾನು. ಬಾಲದ ತುದೀಲಿ ಎರಡು ಒತ್ತೊತ್ತಾಗವೆ ನೋಡು, ಅದೇ ಕೊಂಡಿ, ಮೂಲಾ. ಅದು ನೀನು ಕಣಮ್ಮಿ. ಅದ್ರಿಂದ ಎಡಕ್ಕೆ ಪೂರ್ವಾಷಾಢ. ನಿಮ್ಮಪ್ಪ ನಿನ್ನ ಅಲ್ಲಿಗೆ ತಳ್ತಾವ್ರೆ. ನಮ್ಮಪ್ಪ ನನ್ನ ಬಲಕ್ಕೆ ತಳ್ಳಿ ಅನುರಾಧಾ ಮಾಡಿದ್ರು."

ಜ್ಯೇಷ್ಠಾದ ಹೆಣ್ಣು ಗಂಡನ ಅಣ್ಣನಿಗೆ ಆಗುವುದಿಲ್ಲ ಎನ್ನುತ್ತಾರೆ. ಟೀಚರಮ್ಮನ ಭಾವ ಲಾರಿಗೆ ಸಿಕ್ಕಿ ಹೋದರು. ಸಾವಿನ ಮನೆಯಲ್ಲಿ ತವರಿನ ಕಡೆಯ ಯಾರೋ ನಿಜವಾದ ನಕ್ಷತ್ರ ಬಾಯಿಬಿಟ್ಟರು. ತಿಥಿ ಮುಗಿದ ಮೇಲೆ ಇವರನ್ನು ತವರಿಗೆ ಕಳಿಸಿಬಿಟ್ಟರು.

"ಮೊದ್ಲೇ ನಿಜ ಹೇಳಿದ್ರೆ ಜಗಳನಾದ್ರೂ ಆಡ್ಬೋದಿತ್ತು. ತಪ್ಪಿಲ್ದಿದ್ರೆ ಯಾಕೆ ಮುಚ್ಚಿಟ್ರಿ ಅಂದ್ರು. ಏನಂತ ಹೇಳ್ಲಿ?"

ಮಾತುಕತೆಯ ದಿನ ಟೀಚರಮ್ಮ ಕರೆಯದೆಯೇ ಬಂದು ಜಗಲಿಯಲ್ಲಿ ಕೂತರು. ಗಂಡಿನ ತಂದೆ ನಕ್ಷತ್ರ ಕೇಳಿದರು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ನಾನು ಕಾಫಿ ತಟ್ಟೆ ಕೆಳಗಿಟ್ಟು, "ನಂದು ಮೂಲಾ" ಅಂದೆ. ಅಪ್ಪನ ಮುಖ ಕಪ್ಪಿಟ್ಟಿತು. ಗಂಡಿನ ತಾಯಿ ಎದ್ದೇ ನಿಂತರು.

"ಯಜಮಾನ್ರೇ," ಅಂದರು ಟೀಚರಮ್ಮ, "ಹುಡುಗಿ ಎದುರ್ಗೇ ಹೇಳವ್ಳೆ. ಭಯ ಇದ್ರೆ ಈಗ್ಲೇ ಎದ್ದೋಗಿ. ಒಪ್ಕೊಂಡ್ರೆ, ನಾಳೆ ನಿಮ್ಗೆ ನೆಗಡಿ ಆದಾಗ ಇವಳ ತಲೆಗೆ ಕಟ್ಬೇಡಿ!"

ಆ ಮನುಷ್ಯ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ. "ಅಲ್ಲ ಕಣವ್ವ, ಈಟು ಜನ ಇರ್ವಾಗ ಆ ನಕ್ಷತ್ರಕ್ಕೆ ನನ್ ಅಡ್ರೆಸ್ ಯಾರ್ ಕೊಟ್ರು?" ಎಂದು, ಹೆಂಡತಿಯತ್ತ ತಿರುಗಿ, "ಕುಂತ್ಕೊಳೇ, ಕಾಪಿ ಆರೋಯ್ತದೆ" ಅಂದರು. ಆ ಮನೆಗೇ ಸೊಸೆಯಾಗಿ ಹೋದೆ.

ಟೀಚರಮ್ಮ ತೀರಿಕೊಂಡು ಎಷ್ಟೋ ವರ್ಷಗಳಾದವು. ಗಂಡನ ಕಡೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಸುದ್ದಿ ಕೇಳಿ ಕೆ.ಆರ್. ನಗರದಿಂದ ಓಡಿಬಂದು ಹೆಗಲು ಕೊಟ್ಟವರು ನಮ್ಮ ಮಾವ.

ಹೋದ ಬೇಸಿಗೆಯಲ್ಲಿ ಮಾವನೂ ಹೋದರು. ಎಂಬತ್ತು ದಾಟಿತ್ತು. ಮಧ್ಯಾಹ್ನ ಮುದ್ದೆ ಉಂಡು ಮಲಗಿದವರು ಏಳಲೇ ಇಲ್ಲ. ನಾನು ಹೆತ್ತಪ್ಪನಿಗೂ ಅಷ್ಟು ಅತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ನೆಂಟರಾಕೆ, "ಸೊಸೇದು ಮೂಲಾ ಅಲ್ವಾ... ಸುಮ್ನೆ ಬುಡ್ತದಾ?" ಎಂದು ಪಿಸುಗುಟ್ಟಿದರು.

ಕಣ್ಣೊರೆಸಿಕೊಂಡು ತಲೆ ಎತ್ತಿದೆ. "ಊಂ ಕಣ್ರೀ, ಮೂಲಾನೇ," ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಮೊಮ್ಮಗಳು ಕಾಲೇಜು ಮುಗ್ಸೋಗಂಟ ಕಾದಿತ್ತು ನೋಡಿ, ಪಾಪ!"

ಮೊನ್ನೆ ತವರಿನಲ್ಲಿ ಚೀಲ ಇಟ್ಟವಳೇ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತೆ. ಈ ಮಾತು ಹೇಳಿದ್ದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಡಿಗೆಗೆ ಬಂದಿರುವ ಹೆಂಗಸು ಹೊರಗೆ ಬಂದು, "ಯಾರ್ ಬೇಕಿತ್ತು?" ಅಂದಳು.

"ಟೀಚರಮ್ಮ" ಅಂದುಬಿಟ್ಟೆ.